ಝೋರಾಳ ಕಿವಿ, ಕ್ಲಾರಿಯ ಪಾರಿವಾಳ

ಝೋರಾ ಬಿಲಿಚ್ ನಮ್ಮ ಶೆಡ್ಡಿನ ಬಾಗಿಲು ದಾಟಿದ ಕೂಡಲೇ ಎರಡೂ ಕೈಗಳನ್ನು ಸ್ವೆಟರಿನ ಜೇಬಿಗೆ ಇಳಿಸುತ್ತಾಳೆ. ಚಳಿಗಲ್ಲ. ನಮ್ಮ ಕಡೆಯ ಬೇಸಿಗೆಯಾದ ಜನವರಿಯ ಉರಿಯಲ್ಲೂ ಹಾಗೇ, ಆಗ ಸ್ವೆಟರಿನ ಬದಲು ಲಂಗದ ಜೇಬು. ಮೊದಮೊದಲು ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಕಂಪ್ಯೂಟರ್ ಸರಿಮಾಡಲು ಬಂದವಳು ಕೀಬೋರ್ಡ್ ಮುಟ್ಟುವುದಿಲ್ಲ ಅಂದರೆ ಏನರ್ಥ? ಕೆಟ್ಟ ಯಂತ್ರದ ಮುಂದೆ ಅದರ ಯಜಮಾನನನ್ನೇ ಕೂರಿಸುತ್ತಾಳೆ, ತಾನು ಹಿಂದೆ ನಿಲ್ಲುತ್ತಾಳೆ, "ಈಗ ಏನು ಕಾಣ್ತಿದೆ, ಓದು" ಎನ್ನುತ್ತಾಳೆ. ಓದಿದವನು ಅರ್ಧ ನುಂಗಿದರೆ ಮತ್ತೆ ಓದಿಸುತ್ತಾಳೆ. ನನ್ನಂಥ ಮುಂಗೋಪಿಗೆ ಇದನ್ನು ನೋಡಿಕೊಂಡು ಕೂರುವುದು ಶಿಕ್ಷೆ.

ನಾನು ಡೆಸ್. ಸಿಡ್ನಿಯಿಂದ ಬಹುದೂರದ ಗಣಿ ಊರಾದ ಬ್ರೋಕನ್ ಹಿಲ್ಲಿನಲ್ಲೇ ಹುಟ್ಟಿ, ಇಲ್ಲೇ ಗಣಿಯ ಲಾರಿ ಓಡಿಸಿ, ಇಲ್ಲೇ ನಿವೃತ್ತನಾದವನು. ಹಳೆಯ ವಾದ್ಯಗೋಷ್ಠಿ ಮಂದಿರದ ಹಿಂದಿನ ತಗಡಿನ ಶೆಡ್ಡಿನಲ್ಲಿ ಪ್ರತಿ ಬುಧವಾರ ನಾವೊಂದಿಷ್ಟು ಮುದುಕರು ಸೇರುತ್ತೇವೆ. ಜನ ಬಿಸಾಡಿದ ಕಂಪ್ಯೂಟರುಗಳ ಕೆಂಪು ಧೂಳು ಊದಿ, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಬೇಕಾದವರಿಗೆ ಕೊಡುತ್ತೇವೆ. ಲಿನಕ್ಸ್ ಹಾಕುವಾಗ ಯಾವ ಊರಿನ ಗಡಿಯಾರ ಬೇಕು ಎಂದು ಅದು ಕೇಳುತ್ತದೆ. ಆ ಪಟ್ಟಿಯಲ್ಲಿ ಸಿಡ್ನಿಯ ಜೊತೆ ನಮ್ಮ ಊರಿನ ಹೆಸರೂ ಬೇರೆಯಾಗಿಯೇ ಇದೆ. ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ ಬದುಕುವವರು ನಾವು, ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಂಡವರು ಕಡಿಮೆ. ಅದೊಂದೇ ಕಾರಣಕ್ಕೆ ನಮ್ಮಲ್ಲಿ ಅರ್ಧ ಜನ ಲಿನಕ್ಸ್ ಪಕ್ಷ. ಶೆಡ್ಡಿನಲ್ಲಿ ನನ್ನ ಕೆಲಸ ಚಹಾ ಕಾಯಿಸುವುದು, ಹಳೆಯ ಡಿಸ್ಕುಗಳಲ್ಲಿದ್ದದ್ದನ್ನು ಒರೆಸಿ ಹಾಕುವುದು. ಎಲ್ಲ ಕಾಯಿಲೆಗೂ ನನ್ನ ಮದ್ದು ಒಂದೇ: ಇದ್ದದ್ದೆಲ್ಲ ಅಳಿಸು, ಹೊಸದಾಗಿ ಹಾಕು.

ಝೋರಾ ಗಣಿಯವಳಲ್ಲ, ಗಣಿಯವನ ಮಗಳು. ಅಪ್ಪ ಡಾಲ್ಮೇಷಿಯಾದ ಕಡಲ ತೀರದಿಂದ ಬಂದವನು, ಸಮುದ್ರವನ್ನು ನೆನೆದು ಹಿತ್ತಲಿನ ನೀರಿನ ತೊಟ್ಟಿಗೆ ನೀಲಿ ಬಣ್ಣ ಬಳಿದಿದ್ದನಂತೆ. ಮಗಳು ಓದು ಮುಗಿಸಿ ವಿಮಾನದಲ್ಲಿ ರೋಗಿಗಳಿದ್ದಲ್ಲಿಗೇ ಹೋಗುವ ಹಾರುವ ವೈದ್ಯರ ರೇಡಿಯೋ ಕೇಂದ್ರಕ್ಕೆ ಸೇರಿದಳು. ಊರಿಂದ ನೂರಾರು ಮೈಲಿ ಆಚೆ, ಕುರಿ ಸಾಕುವ ಒಂಟಿ ಮನೆಗಳಿಂದ ಕರೆ ಬರುತ್ತಿತ್ತು. ಮಧ್ಯೆ ಬರೀ ಗರಗರ. ಆ ಗರಗರದೊಳಗಿಂದ ಒಬ್ಬ ಗಂಡಸು ಅಳುತ್ತಾನೆ, "ನನ್ನ ಹೆಂಡ್ತಿ ಸಾಯ್ತಿದ್ದಾಳೆ" ಎಂದು. ಝೋರಾ ಕೇಳುತ್ತಿದ್ದಳು: "ಅದು ನೀನು ಅಂದ್ಕೊಂಡಿದ್ದು ಕಣಪ್ಪಾ. ನಿನ್ನ ಕಣ್ಣಿಗೆ ಏನು ಕಾಣ್ತಿದೆ, ಅದನ್ನ ಹೇಳು. ತುಟಿ ಯಾವ ಬಣ್ಣಕ್ಕಿದೆ?" ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ವೈದ್ಯರಿಗೆ ಒಪ್ಪಿಸುತ್ತಿದ್ದಳು. ದಿನಾ ಬೆಳಿಗ್ಗೆ ಒಂದೊಂದೇ ಮನೆಯ ಹೆಸರು ಕೂಗಿ "ಇದ್ದೀರಾ?" ಎಂದು ವಿಚಾರಿಸುವುದೂ ಅವಳದೇ ಕೆಲಸ. ತಲೆ ನರೆಯುವ ತನಕ ಅದನ್ನೇ ಮಾಡಿದಳು.

"ರೇಡಿಯೋದಲ್ಲಿ ನಂಗೆ ಕೈ ಇರ್ಲಿಲ್ಲ ಡೆಸ್," ಎಂದು ಒಮ್ಮೆ ಹೇಳಿದಳು. "ಕಿವಿ ಇತ್ತು, ಬಾಯಿ ಇತ್ತು. ಅಷ್ಟರಲ್ಲೇ ಜನ ಬದುಕ್ಕೊಂಡ್ರು. ಈಗ ಕೈ ಹಾಕಿದ್ರೆ ಕೇಳಿಸ್ಕೊಳ್ಳೋದು ಮರ್ತೋಗುತ್ತೆ."

ಶೆಡ್ಡಿಗೆ ಬಂದ ಹೊಸತರಲ್ಲಿ ಒಂದು ಯಂತ್ರ ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ದೂರು ಕಾರಿಕೊಂಡಿತು. ಉಳಿದವರೆಲ್ಲ ಹೆದರಿ ಹಿಂದೆ ಸರಿದೆವು. ಝೋರಾ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. "ಎಷ್ಟು ವರ್ಷಕ್ಕೆ ಸಿಕ್ಕಿದ ನೋಡು, ಎಲ್ಲಿ ನೋವು ಅಂತ ತಾನಾಗೇ ಹೇಳೋ ರೋಗಿ," ಎಂದಳು. ಅವತ್ತಿನಿಂದ ಅವಳು ನಮ್ಮವಳಾದಳು.

ಕ್ಲಾರಿ ಪ್ಯಾಸ್ಕೋನ ವಿಷಯ ನಡೆದದ್ದು ಮೇ ತಿಂಗಳ ಒಂದು ಬುಧವಾರ. ಕ್ಲಾರಿ ಗಣಿಯೊಳಗೆ ಸಿಡಿಮದ್ದು ಇಡುತ್ತಿದ್ದವನು, ಕಾರ್ಮಿಕ ಸಂಘದ ಕಟ್ಟಾಳು, ಮಾತಿಗೆ ನಿಂತರೆ ಶೆಡ್ಡಿನ ತಗಡು ನಡುಗಬೇಕು. ಅವತ್ತು ಕೈಗಾಡಿಯಲ್ಲಿ ತನ್ನ ಕಂಪ್ಯೂಟರ್ ಇಟ್ಟು, ಮೇಲೆ ಗೋಣಿಚೀಲ ಹೊದಿಸಿ, ತಲೆ ತಗ್ಗಿಸಿ ತಳ್ಳಿಕೊಂಡು ಬಂದ.

"ಇದನ್ನ ಯಾರಿಗಾದ್ರೂ ಕೊಡಿ. ನಂಗೆ ಇನ್ನು ಬೇಡ."

"ಯಾಕೋ, ಲಾಟರಿ ಹೊಡೀತಾ?" ಎಂದೆ.

"ಬೇಡ ಅಂದ್ನಲ್ಲ ಡೆಸ್. ಒರೆಸಿ ಇಡು."

ಒರೆಸು ಎಂದು ಯಾರಾದರೂ ಬಾಯಿ ಬಿಟ್ಟು ಹೇಳಿದರೆ ನನಗೆ ಹಬ್ಬ. ತಂತಿ ಸಿಕ್ಕಿಸಿ, ಅಳಿಸುವ ಸಿ.ಡಿ.ಯನ್ನೂ ಹಾಕಿದೆ. ಹಿಂದಿನಿಂದ ಝೋರಾಳ ಧ್ವನಿ ಬಂತು.

"ಡೆಸ್, ಕೈ ತೆಗಿ."

"ಅವನೇ ಹೇಳ್ತಿದ್ದಾನಲ್ಲ."

"ಕೈ ತೆಗಿ ಅಂದೆ." ಅವಳು ಕ್ಲಾರಿಯ ಕಡೆ ತಿರುಗಿದಳು. "ನಿನ್ನ ಪಾರಿವಾಳಗಳ ವಂಶಾವಳಿ, ಪಂದ್ಯ, ಫೋಟೋ ಎಲ್ಲ ಇದ್ರಲ್ಲೇ ಇದ್ಯಲ್ಲ. ಅದನ್ನ ಒರೆಸು ಅಂತೀಯಲ್ಲ, ಏನಾಯ್ತು?"

ಕ್ಲಾರಿ ನೆಲ ನೋಡಿದ. "ಪಾರಿವಾಳ ಇಲ್ಲ. ಬೆಳಿಗ್ಗೆ ಮಿಲ್ಡುರಾ ಊರಲ್ಲಿ ಪಾರಿವಾಳ ಸಾಕ್ತಾನಲ್ಲ, ಆ ಸಿಡ್ ಬಂದು ತಗೊಂಡೋದ. ನಾನೇ ಕೊಟ್ಟೆ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಹೆಂಡತಿ ತೀರಿಕೊಂಡ ಮೇಲೆ ಕ್ಲಾರಿಗೆ ಬೆಳಗಾಗುವುದೇ ಆ ಹಕ್ಕಿಗಳಿಂದ. ಪಂದ್ಯದ ಪಾರಿವಾಳಗಳು ಅವು. ಎಲ್ಲಿ ಬಿಟ್ಟರೂ ಹುಟ್ಟಿದ ಗೂಡಿಗೇ ಬರುತ್ತವೆ. ಬೆಳೆದ ಹಕ್ಕಿಯನ್ನು ಬೇರೆಯವನಿಗೆ ಕೊಟ್ಟರೆ ಅವನು ಅದನ್ನು ಇನ್ನು ಜನ್ಮದಲ್ಲಿ ಹಾರಲು ಬಿಡುವಂತಿಲ್ಲ. ಬಿಟ್ಟರೆ ನೇರ ಕ್ಲಾರಿಯ ಅಂಗಳಕ್ಕೇ ಹಾರುತ್ತದೆ. ಬಲೆ ಬಿಗಿದ ಗೂಡಿನೊಳಗೆ ಮೊಟ್ಟೆ ಇಟ್ಟುಕೊಂಡು ಅದು ಕೊನೆಯ ತನಕ ಬಿದ್ದಿರಬೇಕು. ಇದು ನಮಗಿಂತ ಚೆನ್ನಾಗಿ ಕ್ಲಾರಿಗೇ ಗೊತ್ತು.

"ಯಾಕೆ ಕೊಟ್ಟೆ ಮಾರಾಯಾ?" ಎಂದೆ.

"ಪಾಸ್‌ವರ್ಡ್ ಮರ್ತೋಯ್ತು."

ನನಗೆ ನಗು ತಡೆಯಲಾಗಲಿಲ್ಲ. "ಅಷ್ಟಕ್ಕೇನಾ? ನಾನು ವಾರಕ್ಕೆರಡು ಸಲ ಮರೀತೀನಿ."

"ನಗಬೇಡ್ವೋ," ಎಂದ ಕ್ಲಾರಿ. "ದಿನಾ ಬೆಳಿಗ್ಗೆ ಹೊಡೆಯೋ ಪದ ಅದು. ಮದುವೆ ದಿನಕ್ಕಿಂತ ಚೆನ್ನಾಗಿ ನೆನಪಿತ್ತು. ಈಗ ಹೊಡೀತೀನಿ, ಮತ್ತೆ ಕೇಳುತ್ತೆ. ಹೊಡೀತೀನಿ, ಮತ್ತೆ ಕೇಳುತ್ತೆ. ಪರ್ಸಿಗೂ ಹೀಗೇ ಶುರುವಾಗಿದ್ದು."

ಪರ್ಸಿ ಅವನ ಅಣ್ಣ. ಅವನಿಗೂ ಪಾರಿವಾಳದ ಹುಚ್ಚು. ಮೊದಲು ಸಣ್ಣಪುಟ್ಟ ಪದ ಮರೆತ, ಆಮೇಲೆ ದಾರಿ ಮರೆತ, ಒಂದು ಜನವರಿಯಲ್ಲಿ ಹಕ್ಕಿಗಳಿಗೆ ನೀರಿಡುವುದನ್ನು ಮರೆತ. ನಮ್ಮೂರಿನ ಜನವರಿಯಲ್ಲಿ ನೀರಿಲ್ಲದ ಗೂಡಿಗೆ ಒಂದು ಹಗಲು ಸಾಕು. ಸಂಜೆ ಹೋಗಿ ಸತ್ತ ಹಕ್ಕಿಗಳನ್ನು ಬುಟ್ಟಿಗೆ ತುಂಬಿದವನು ಕ್ಲಾರಿಯೇ. ಪರ್ಸಿ ಪಕ್ಕದಲ್ಲಿ ನಿಂತು "ಇವು ಯಾರ ಹಕ್ಕಿ?" ಎಂದು ಕೇಳುತ್ತಿದ್ದನಂತೆ.

"ಇವತ್ತು ಪದ ಹೋಯ್ತು, ನಾಳೆ ನೀರು ಹೋಗುತ್ತೆ," ಎಂದ ಕ್ಲಾರಿ. "ಬಲೆಯೊಳಗಾದ್ರೂ ಬದುಕಿರ್ಲಿ ಅಂತ ಕೊಟ್ಟೆ."

ಸಮಾಧಾನ ಹೇಳುವ ಕಲೆ ನನಗೆ ಬಾರದು. ಝೋರಾ ಸಮಾಧಾನ ಹೇಳಲಿಲ್ಲ. ಕುರ್ಚಿಯನ್ನು ಕಾಲಿನಿಂದ ಯಂತ್ರದ ಮುಂದಕ್ಕೆ ತಳ್ಳಿದಳು.

"ಮರ್ತೋಯ್ತು ಅನ್ನೋದು ನೀನು ಅಂದ್ಕೊಂಡಿದ್ದು," ಎಂದಳು. "ಕೂತ್ಕೊ. ನನ್ನ ಮುಂದೆ ಒಂದ್ಸಲ ಹೊಡಿ."

ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ಪಾಸ್‌ವರ್ಡ್ ಹೊಡೆಯುವಾಗ ಉಳಿದವರು ಬೆನ್ನು ತಿರುಗಿಸಿ ಗೋಡೆ ನೋಡಬೇಕು. ಒಳಗಿಟ್ಟದ್ದು ಪಾರಿವಾಳದ ಫೋಟೋವೇ ಆಗಿರಲಿ, ಮರ್ಯಾದೆ ಮರ್ಯಾದೆಯೇ. ನಾನು ತಿರುಗಿದೆ. ಝೋರಾಳೂ ತಿರುಗಿ, ಕಣ್ಣನ್ನೂ ಮುಚ್ಚಿಕೊಂಡಳು. ಹಿಂದೆ ಕ್ಲಾರಿಯ ದಪ್ಪ ಬೆರಳುಗಳು ಟಕಟಕ ಎಂದವು.

"ನೋಡಿದ್ಯಾ, ಮತ್ತೆ ಕೇಳ್ತಿದೆ," ಎಂದ.

"ಇನ್ನೊಂದ್ಸಲ."

ಮತ್ತೆ ಟಕಟಕ. ಝೋರಾಳ ಹುಬ್ಬು ಮೇಲೇರಿತು. "ಈಗ ಬೇಕಂತ್ಲೇ ತಪ್ಪು ಹೊಡಿ."

"ಏನಂತ?"

"ಏನಾದ್ರೂ. ಡೆಸ್ ಒಬ್ಬ ಕತ್ತೆ ಅಂತ ಹೊಡಿ."

ಇದನ್ನು ಹೊಡೆಯಲು ಅವನು ತುಂಬಾ ಹೊತ್ತು ತೆಗೆದುಕೊಂಡ, ಎಲ್ಲ ಅಕ್ಷರವನ್ನೂ ಪ್ರೀತಿಯಿಂದ ಒತ್ತಿದ ಎಂದು ನನ್ನ ಗುಮಾನಿ. ಝೋರಾ ಕಣ್ಣು ತೆರೆದಳು.

"ಈಗ ಏನು ಕಾಣ್ತಿದೆ, ಓದು."

ಕ್ಲಾರಿ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ. ಅವನ ಕಣ್ಣಿಗೆ ಪೊರೆ ಬಂದಿದೆ. "ಕೆಂಪಗೆ ಸಣ್ಣಗೆ ಏನೋ ಇದೆ. ಪಾಸ್‌ವರ್ಡ್ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ."

"ಮೊದ್ಲು ಹೊಡ್ದಾಗ ಈ ಕೆಂಪಕ್ಷರ ಬಂತಾ?"

ಅವನು ಸರಿಯಾದದ್ದನ್ನು ಮತ್ತೆ ಹೊಡೆದ. ನಾವಿಬ್ಬರೂ ಅವಸರದಲ್ಲಿ ಗೋಡೆಗೆ ತಿರುಗಿದೆವು. ಈ ಸಲ ನನಗೂ ಕೇಳಿಸಿತು: ಹಳೆಯ ಡಿಸ್ಕು ಎದ್ದು ಗುರ್ರ್ ಎಂದು ತಡಕಾಡಿ, ಸುಮ್ಮನಾಯಿತು.

"ಇಲ್ಲ," ಎಂದ ಕ್ಲಾರಿ ಮೆಲ್ಲಗೆ. "ಕೆಂಪಗೇನೂ ಬರ್ಲಿಲ್ಲ. ಪರದೆ ಕಪ್ಪಾಯ್ತು, ಆಮೇಲೆ ವಾಪಸ್ ಇಲ್ಲಿಗೇ ಬಂತು."

"ಕ್ಲಾರಿ, ನೀನು ಏನೂ ಮರ್ತಿಲ್ಲ," ಎಂದಳು ಝೋರಾ. "ತಪ್ಪು ಪದ ಹೇಳಿದ್ರೆ ಅದು ಕೂತಲ್ಲಿಂದ ಏಳಲ್ಲ, ತಪ್ಪು ಅಂತ ಹೇಳಿ ಸುಮ್ನಾಗುತ್ತೆ. ನಿನ್ನ ಪದ ಕೇಳಿದ ಕೂಡ್ಲೇ ಎದ್ದು ಒಳಗೆ ಓಡುತ್ತೆ, ನಿನ್ನ ಸಾಮಾನು ಜೋಡಿಸೋಕೆ. ನಾನು ಕೇಳಿಸ್ಕೊಂಡೆ. ಒಳಗೆ ಎಲ್ಲೋ ಎಡವಿ ನಿನ್ನ ವಾಪಸ್ ಬಾಗ್ಲಿಗೆ ತಂದು ಬಿಡ್ತಿದೆ. ಅದಕ್ಕೆ ನಿನ್ನ ಗುರುತಿದೆ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನ ಡೆಸ್ ಹೇಳ್ತಾನೆ, ಚಹಾ ಜೊತೆ. ನೀನು ಕಂಟ್ರೋಲ್, ಆಲ್ಟ್, ಎಫ್-3 ಕೀಲಿಗಳನ್ನ ಒಟ್ಟಿಗೆ ಒತ್ತು."

ಚಿತ್ರವೆಲ್ಲ ಹೋಗಿ ಬರೀ ಕಪ್ಪು ಪರದೆ, ಮೇಲಿನ ಮೂಲೆಯಲ್ಲಿ ಹೆಸರು ಕೇಳುವ ಒಂದು ಸಾಲು. ಲಿನಕ್ಸ್ ಯಂತ್ರಗಳಿಗೆಲ್ಲ ಇಂಥ ಹಿತ್ತಲ ಬಾಗಿಲು ಇರುತ್ತದೆ. ಅಲಂಕಾರವಿಲ್ಲ, ಮುಲಾಜಿಲ್ಲ. ಅಲ್ಲಿ ಪಾಸ್‌ವರ್ಡ್ ಹೊಡೆದರೆ ಚುಕ್ಕೆಯೂ ಮೂಡುವುದಿಲ್ಲ. ಕ್ಲಾರಿ ಹೆಸರು ಹೊಡೆದ. ನಾವು ಗೋಡೆ ನೋಡಿದೆವು. ಈ ಸಲ ಟಕಟಕ ನಿಂತು ನಿಂತು ಬಂತು. ಬಾಗಿಲು ತೆರೆಯದಿದ್ದರೆ ಅವನಿಗೆ ಹೇಳಲು ನಮ್ಮ ಹತ್ತಿರ ಬೇರೆ ಏನೂ ಇರಲಿಲ್ಲ. ಇಷ್ಟಕ್ಕೂ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಇದೆ, ಅದನ್ನು ಇಲ್ಲಿಯವರೆಗೂ ಅವನಿಗೆ ಹೇಳಿಲ್ಲ ಅಷ್ಟೆ.

ಟಕಟಕ ಪೂರ್ತಿ ನಿಂತ ಮೇಲೆ ನಾನೇ ತಿರುಗಿ ನೋಡಿದೆ. ಪರದೆಯ ಮೇಲೆ ಸ್ವಾಗತದ ಸಾಲು, ಅದರ ಕೆಳಗೆ ಕ್ಲಾರಿಯ ಹೆಸರು, ಮುಂದಿನ ಮಾತಿಗೆ ಕಾಯುತ್ತಾ ಮಿಣುಕುವ ಗೆರೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ.

ಝೋರಾ ಅವನ ಭುಜ ಮುಟ್ಟಲಿಲ್ಲ, ಅವನು ಅತ್ತು ಮುಗಿಸುವ ತನಕ ಪಕ್ಕದಲ್ಲಿ ನಿಂತಳು. ಆಮೇಲೆ ಎಂದಿನ ಧ್ವನಿಯಲ್ಲಿ ಕೇಳಿದಳು: "ಇದು ಶುರುವಾಗೋಕೆ ಮುಂಚೆ ಏನು ಮಾಡ್ತಿದ್ದೆ?"

"ಹಕ್ಕಿ ಕಾಲಿನ ಉಂಗುರದ ನಂಬರ್ ಚೀಟಿ ಮುದ್ರಿಸೋಕೆ ಹೋದೆ. ನಿನಗೆ ಅನುಮತಿ ಇಲ್ಲ ಅಂತು. ನನ್ನ ಮನೇಲಿ ನಂಗೇ ಅನುಮತಿ ಇಲ್ಲ ಅಂದ್ರೆ..." ಅವನು ಕೆಮ್ಮಿದ. "ಮ್ಯಾನೇಜರ್ ಪದ ಹಾಕ್ದೆ."

ಲಿನಕ್ಸಿನಲ್ಲಿ ಸೂಡೊ ಎಂದೊಂದು ಪದವಿದೆ. ಯಾವ ಆಜ್ಞೆಯ ಮುಂದೆ ಅದನ್ನು ಹಾಕಿದರೂ ಯಂತ್ರ ತೆಪ್ಪಗೆ ಮಾತು ಕೇಳುತ್ತದೆ, ಸಾಕ್ಷಾತ್ ಒಡೆಯನೇ ಹೇಳಿದ ಹಾಗೆ. ಗಣಿ ಊರಿನವರಾದ ನಾವು ಅದಕ್ಕೆ ಮ್ಯಾನೇಜರ್ ಪದ ಎನ್ನುತ್ತೇವೆ. ಜೀವನವಿಡೀ ಮ್ಯಾನೇಜರುಗಳಿಗೆ ಎದುರು ನಿಂತವರ ಕೈಗೆ ಆ ಪದ ಸಿಕ್ಕಿದರೆ ಕೇಳಬೇಕೆ? ಚಿಟಿಕೆ ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತೇವೆ. ಕ್ಲಾರಿ ಚೀಟಿ ಮುದ್ರಿಸಲು ತನ್ನ ಚಿತ್ರಗಳ ಕಿಟಕಿಯನ್ನೇ ಆ ಪದ ಹಾಕಿ ತೆರೆದಿದ್ದ.

ಝೋರಾ ಯಂತ್ರದೊಳಗಿನ ಅವನ ಮನೆಯ ಕಡತಗಳನ್ನು ಒಡೆಯರ ಹೆಸರಿನ ಸಮೇತ ತೋರಿಸುವ ಆಜ್ಞೆಯೊಂದನ್ನು ಹೇಳಿಕೊಟ್ಟಳು. "ಮೂರನೇ ಕಾಲಮ್ಮಲ್ಲಿರೋ ಹೆಸರು ಓದ್ತಾ ಹೋಗು."

"ಕ್ಲಾರಿ. ಕ್ಲಾರಿ. ಕ್ಲಾರಿ. ಕ್ಲಾರಿ." ಅವನು ಓದುವುದನ್ನು ನಿಲ್ಲಿಸಿ ಇನ್ನೂ ಹತ್ತಿರ ಬಗ್ಗಿದ. "ರೂಟ್."

"ಅವನೇ ಮ್ಯಾನೇಜರ್," ಎಂದಳು. "ನೀನು ಒಳಗೆ ಬಂದಾಗಲೆಲ್ಲ ಯಂತ್ರ ನಿನ್ನ ಹೆಸರಲ್ಲಿ ಆ ಪುಟ್ಟ ಕಡತದಲ್ಲಿ ಒಂದು ಗುರುತು ಬರೀಬೇಕು. ಮ್ಯಾನೇಜರ್ ಪದ ಹಾಕಿ ತೆರೆದ್ಯಲ್ಲ, ಅವತ್ತು ಅದು ಅವನ ಹೆಸರಿಗೆ ಹೋಗಿಬಿಟ್ಟಿದೆ. ಈಗ ಬರೆಯೋಕೆ ಬಿಡ್ತಿಲ್ಲ, ಅದಕ್ಕೇ ಹೊರಗೆ ಹಾಕ್ತಿದೆ."

ನಾನು ಬಾಯಿ ಮುಚ್ಚಿಕೊಂಡು ಇರುವುದುಂಟೆ? "ಸಂಘದ ಕಟ್ಟಾಳು ಹೋಗಿ ಮನೆ ಕೀಲೀನ ಕಂಪನಿಗೆ ಕೊಟ್ಟು ಬಂದ ನೋಡಿ," ಎಂದೆ.

"ವಾಪಸ್ ಹೆಂಗೆ ತಗೋಳೋದು, ಅದನ್ನ ಹೇಳು," ಎಂದ ಕ್ಲಾರಿ ನನ್ನ ಕಡೆ ನೋಡದೆ. ಧ್ವನಿಗೆ ಹಳೆಯ ಗುಡುಗು ಸ್ವಲ್ಪ ಬಂದಿತ್ತು.

"ಮ್ಯಾನೇಜರ್ ಪದಾನೇ ಹಾಕಿ ತಗೋಬೇಕು. ಕೊನೇ ಸಲ." ಝೋರಾ ಅಕ್ಷರ ಅಕ್ಷರವಾಗಿ ಹೇಳಿದಳು, ಅವನು ಹೊಡೆದ. ಮತ್ತೆ ಓದಿಸಿದಳು. ಈಗ ಎಲ್ಲ ಸಾಲಿನಲ್ಲೂ ಕ್ಲಾರಿ.

ಕ್ಲಾರಿ ಯಂತ್ರದ ಮುಂಬಾಗಿಲಿಗೆ, ಅಂದರೆ ಮೊದಲಿನ ಪರದೆಗೆ, ಮರಳಿ ಪಾಸ್‌ವರ್ಡ್ ಹೊಡೆದ. ಡಿಸ್ಕು ಗುರ್ರ್ ಎಂದಿತು, ಈ ಸಲ ನಿಲ್ಲಲಿಲ್ಲ. ಪರದೆಯ ತುಂಬಾ ಬೂದು ಬಣ್ಣದ ಒಂದು ಹೆಣ್ಣು ಪಾರಿವಾಳ ಮೂಡಿ ನಮ್ಮನ್ನು ಓರೆಯಾಗಿ ನೋಡಿತು.

"ಐರಿಸ್," ಎಂದ ಕ್ಲಾರಿ. ಅಷ್ಟು ಹೇಳಿದವನ ಮುಖ ಮತ್ತೆ ಬಾಡಿತು. "ಎಲ್ಲಾ ಕೊಟ್ಟಾಯ್ತಲ್ಲ ಝೋರಾ."

ಸಿಡ್‌ಗೆ ಫೋನ್ ಮಾಡಿದೆ, ಹತ್ತಲಿಲ್ಲ. ಮಿಲ್ಡುರಾದ ದಾರಿಯಲ್ಲಿ ಮೊಬೈಲ್ ಕಂಬಗಳಿಗಿಂತ ಎಮು ಹಕ್ಕಿಗಳೇ ಹೆಚ್ಚು. ಝೋರಾ ಗಡಿಯಾರ ನೋಡಿದಳು. "ಸಿಡ್ ಕೂಂಬಾದಲ್ಲಿ ನಿಲ್ಲಿಸದೆ ಹೋಗಲ್ಲ, ಮಾಂಸದ ಪೈ ತಿನ್ನೋಕೆ," ಎಂದಳು. ಅರ್ಧ ದಾರಿಯಲ್ಲಿರುವ ಆ ಒಂಟಿ ಅಂಗಡಿಯ ನಂಬರು ಅವಳಿಗೆ ರೇಡಿಯೋ ಕಾಲದಿಂದಲೂ ಬಾಯಿಪಾಠ. ಅವಳು ಹೇಳಿದ ನಂಬರು ನಾನೇ ಒತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಅಂಗಡಿಯವಳು ಫೋನ್ ಎತ್ತಿದಳು, ಆಚೆ ಯಾರನ್ನೋ ಕೂಗಿದಳು. ಬಾಯಲ್ಲಿ ಪೈ ಇಟ್ಟುಕೊಂಡೇ ಸಿಡ್ ಮಾತಾಡಿದ.

"ಏನು, ಮುದುಕ ಮನಸು ಬದಲಾಯಿಸಿದ್ನಾ?"

"ನಾನು ಕಣೋ ಸಿಡ್," ಎಂದ ಕ್ಲಾರಿ ಫೋನಿಗೆ ಬಗ್ಗಿ.

"ನಾನೇನು ವಾಪಸ್ ಬರಲ್ಲಪ್ಪ, ಟ್ಯಾಕ್ಸಿ ಅಲ್ಲ ನಾನು," ಎಂದ ಸಿಡ್. ಪೈ ಅಗಿಯುವ ಸದ್ದು. "ಬೆಳಿಗ್ಗೆ ಬುಟ್ಟಿ ಕೈಗೆ ಕೊಡುವಾಗ ನಿನ್ನ ಮೋರೆ ನೋಡೋಕಾಗ್ತಿರ್ಲಿಲ್ಲ. ಆಕಾಶ ತಿಳಿಯಾಗಿದೆ ಇಲ್ಲಿ. ಬುಟ್ಟಿ ಬಾಯಿ ತೆಗೀಲಾ?"

"ತೆಗಿ," ಎಂದಳು ಝೋರಾ. ಕ್ಲಾರಿ ತಲೆಯಾಡಿಸುತ್ತಲೇ ಇದ್ದ, ಫೋನಿನಲ್ಲಿ ಅದು ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ನನ್ನ ವ್ಯಾನಿನಲ್ಲಿ ಮೂವರೂ ಕ್ಲಾರಿಯ ಮನೆಗೆ ಹೋದೆವು. ಬೆಳಿಗ್ಗೆಯೇ ಗೂಡು ತೊಳೆದು, ನೀರಿನ ಬಟ್ಟಲುಗಳನ್ನು ಬೋರಲು ಹಾಕಿಟ್ಟಿದ್ದ. ನಾನು ಎತ್ತಿಕೊಳ್ಳಲು ಹೋದರೆ ಬಿಡಲಿಲ್ಲ. ತಾನೇ ತುಂಬಿಸಿ ತುಂಬಿಸಿ ಸಾಲಾಗಿ ಇಟ್ಟ. ಆಮೇಲೆ ಮೂವರೂ ಹಳೆಯ ಬೆಂಚಿನ ಮೇಲೆ ಕೂತು ದಕ್ಷಿಣದ ಆಕಾಶ ನೋಡಿದೆವು. ನನಗೆ ಕುತ್ತಿಗೆ ಹಿಡಿದುಕೊಂಡಿತು.

ಮೊದಲು ಕೇಳಿಸಿಕೊಂಡವಳು ಝೋರಾ. "ಬಂದ್ವು," ಎಂದಳು, ನಮಗೆ ಇನ್ನೂ ಏನೂ ಕಾಣುವ ಮುಂಚೆ. ಆಮೇಲೆ ಗಣಿಯ ಮಣ್ಣಿನ ದಿಬ್ಬದ ಮೇಲಿಂದ ಒಂದು ಗುಂಪು ಬಾಗಿ, ಮನೆಯ ಸುತ್ತ ಒಂದು ಸುತ್ತು ಹಾಕಿ, ಗೂಡಿನ ಹಲಗೆಗೆ ಇಳಿಯಿತು. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಕ್ಲಾರಿ ಎದ್ದು ನಿಂತು, ಕಣ್ಣಿಗೆ ಪೊರೆ ಇದ್ದರೂ, ಇಳಿದ ರೀತಿಯಲ್ಲೇ ಗುರುತು ಹಿಡಿದು ಕರೆಯುತ್ತಾ ಹೋದ. "ಮೇವಿಸ್. ಸಾರ್ಜೆಂಟ್. ಕುಂಟ ರೆಗ್. ಬಾರೋ ಟಾಮ್. ಕ್ವೀನಿ." ಒಂದೂ ತಡವರಿಸಲಿಲ್ಲ. ಐರಿಸ್ ಮಾತ್ರ ಬರಲಿಲ್ಲ. ಹೊತ್ತು ಇಳಿಯಿತು, ನಾನು ಮನಸ್ಸಿನಲ್ಲೇ ಗಿಡುಗಗಳಿಗೆ ಬೈಯುತ್ತಾ ಕೂತೆ. ಕೊನೆಗೆ ಬೇಲಿಯ ಮೇಲೆ ತಗ್ಗಾಗಿ ಹಾರುತ್ತಾ ಒಂಟಿಯಾಗಿ ಬಂದು ಹಲಗೆಯ ಮೇಲೆ ಧೊಪ್ಪನೆ ಕೂತಿತು. ಕ್ಲಾರಿ ಅದನ್ನು ಎತ್ತಿ ಎದೆಗೊತ್ತಿಕೊಂಡ.

"ಇವತ್ತು ಯಂತ್ರದ್ದು ತಪ್ಪು," ಎಂದ, ಹಕ್ಕಿಯ ಬೆನ್ನು ನೇವರಿಸುತ್ತಾ. "ಮುಂದೊಂದು ದಿನ ನಿಜವಾಗ್ಲೂ ಮರ್ತರೆ? ಪರ್ಸಿ ತಮ್ಮ ಅಲ್ವಾ ನಾನು?"

ಹಾಗೇನೂ ಆಗಲ್ಲ ಎಂದು ನನ್ನ ನಾಲಗೆ ತುದಿಗೆ ಬಂದಿತ್ತು. ಝೋರಾ ಅದನ್ನು ಹೇಳಲಿಲ್ಲ.

"ಮರೀಬಹುದು," ಎಂದಳು. "ಅವತ್ತು ನೀನು ಏನು ಅಂದ್ಕೊಂಡೆ ಅಂತ ನಂಗೆ ಹೇಳ್ಬೇಡ. ಏನು ಕಾಣ್ತಿದೆ ಅಂತ ಹೇಳು. ನಾನು ಕೇಳಿಸ್ಕೊಳ್ತೀನಿ, ಏನು ಮಾಡ್ಬೇಕು ಅಂತ ಇಬ್ರೂ ಸೇರಿ ನೋಡೋಣ. ಒಬ್ನೇ ಕೂತು ತೀರ್ಮಾನ ಮಾಡಿ ಹಕ್ಕಿ ಕೊಟ್ಟುಬಿಡ್ಬೇಡ."

ಕ್ಲಾರಿ ಐರಿಸ್‌ಳನ್ನು ಅವಳ ಕಡೆ ಚಾಚಿದ. ಝೋರಾ ಜೇಬಿನಿಂದ ಎರಡೂ ಕೈ ತೆಗೆದು ಹಕ್ಕಿಯನ್ನು ಹಿಡಿದುಕೊಂಡಳು. ಅದರ ಎದೆ ಎಷ್ಟು ಜೋರಾಗಿ ಬಡಿಯುತ್ತಿದೆ ಎಂದು ನನಗೆ ಹೇಳಿದಳು.

ಈಗ ದಿನಾ ಬೆಳಿಗ್ಗೆ ಕ್ಲಾರಿಯ ಮನೆಯಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಹಿಂದೆ ಒಂಟಿ ಮನೆಗಳ ಹೆಸರು ಕೂಗುತ್ತಿದ್ದಳಲ್ಲ, ಅದೇ ಧ್ವನಿಯಲ್ಲಿ ಝೋರಾ ಅವನ ಹೆಸರು ಕೂಗಿ "ಇದ್ದೀಯಾ?" ಎನ್ನುತ್ತಾಳೆ. ಅವನು "ಇದ್ದೀನಿ" ಎನ್ನುತ್ತಾನೆ. "ಬಟ್ಟಲಲ್ಲಿ ಏನು ಕಾಣ್ತಿದೆ?" ಎಂದು ಕೇಳುತ್ತಾಳೆ. ಅವನು ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ, ಬಗ್ಗಿ ನೋಡಿ, "ನೀರು" ಎನ್ನುತ್ತಾನೆ.